ದುಡ್ಡು ಹೊಸದಕ್ಕೆ, ಕೈಗೆ ಬಂದಿದ್ದು ಬಳಸಿದ್ದು: ಕಾನೂನು ಏನನ್ನುತ್ತೆ, ಸಾಕ್ಷಿ ಯಾರ ಹತ್ತಿರ ಇರುತ್ತೆ?

ಗೋವಾದ ಗ್ರಾಹಕರೊಬ್ಬರು 2011ರ ಮಾದರಿಯ ಹೊಸ ಕಾರಿಗೆ ಡೀಲರ್ ಹತ್ತಿರ ದುಡ್ಡು ಕಟ್ಟಿದರು. ಅವರಿಗೆ ಕೊಡಲು ಹೊರಟಿದ್ದು 2009ರಲ್ಲಿ ತಯಾರಾದ ಕಾರು. ಅದು ಆಗಲೇ 600 ಕಿಲೋಮೀಟರ್‌ಗೂ ಹೆಚ್ಚು ಓಡಿತ್ತು. ಜಗಳ ಗ್ರಾಹಕ ವೇದಿಕೆ ಮೆಟ್ಟಿಲೇರಿತು. ಜಿಲ್ಲೆಯಲ್ಲಿ ಗೆದ್ದರು, ರಾಜ್ಯ ಆಯೋಗದಲ್ಲಿ ಗೆದ್ದರು, ರಾಷ್ಟ್ರೀಯ ಆಯೋಗದಲ್ಲೂ ಗೆದ್ದರು. ಡೀಲರ್ ಜೊತೆ ಕಂಪನಿಯೂ ಹೊಣೆ ಅಂತ ಮೂರೂ ಕಡೆ ಆದೇಶ ಬಂತು.

ಆದರೆ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿಯನ್ನು ಅಂದರೆ ಟಾಟಾ ಮೋಟರ್ಸ್ ಅನ್ನು ಹೊಣೆಯಿಂದ ಬಿಡಿಸಿತು. ಕಂಪನಿಗೂ ಡೀಲರ್‌ಗೂ ಇರೋದು ಇಬ್ಬರು ಸ್ವತಂತ್ರ ವ್ಯಾಪಾರಿಗಳ ನಡುವಿನ ಸಂಬಂಧ; ಡೀಲರ್ ಮಾಡಿದ್ದು ಕಂಪನಿಗೆ ಗೊತ್ತಿತ್ತು ಅಂತ ದೂರಿನಲ್ಲಿ ಹೇಳಿಲ್ಲ, ಸಾಬೀತೂ ಆಗಿಲ್ಲ ಅನ್ನೋದು ಕೋರ್ಟ್ ಕೊಟ್ಟ ಕಾರಣ.

ಈ ಪ್ರಕರಣದಲ್ಲಿ ಕಾರು ಹಳೇದು ಅನ್ನೋದು ಸಾಬೀತಾಗಿತ್ತು. ಸಾಬೀತಾಗದೇ ಹೋಗಿದ್ದು ‘ಯಾರಿಗೆ ಗೊತ್ತಿತ್ತು’ ಅನ್ನೋದು. ಬಳಸಿದ ವಸ್ತುವನ್ನು ಹೊಸದು ಅಂತ ಮಾರಿದ ಬಹುತೇಕ ಜಗಳಗಳು ಸುತ್ತೋದು ಇಲ್ಲೇ. ಕಾನೂನು ನಿಮ್ಮ ಪರವಾಗಿಯೇ ಇದೆ. ಆದರೆ ವಸ್ತುವಿನ ಪೂರ್ವೇತಿಹಾಸ ಇರೋದು ಮಾರಿದವರ ಕಂಪ್ಯೂಟರ್‌ನಲ್ಲಿ. ಅದನ್ನು ಹೊರಗೆ ತರಿಸೋದು ಹೇಗೆ ಅನ್ನೋದೇ ನಿಜವಾದ ಪ್ರಶ್ನೆ. ಫೋನ್, ಲ್ಯಾಪ್‌ಟಾಪ್, ಸ್ಕೂಟರ್, ಬೋರ್‌ವೆಲ್ ಮೋಟಾರ್, ಸರ್ಕಾರಿ ಶಾಲೆಯ ಕಂಪ್ಯೂಟರ್ ಎಲ್ಲಕ್ಕೂ ಅನ್ವಯಿಸುವ ಕೈಪಿಡಿ ಇದು. ಉಳಿಸಿಟ್ಟುಕೊಳ್ಳಿ.

‘ಹೊಸದಲ್ಲ’ ಅಂದರೆ ಐದು ಅರ್ಥ

ಜಗಳಕ್ಕೆ ಇಳಿಯೋ ಮುಂಚೆ ನಿಮ್ಮ ಆರೋಪ ಏನು ಅಂತ ನಿಮಗೆ ಸ್ಪಷ್ಟವಾಗಿರಬೇಕು. ಅಂಗಡಿಯವರು ಈ ಐದನ್ನೂ ಕಲಸಿ ಮಾತಾಡುತ್ತಾರೆ.

ಒಂದು, ಬಳಸಿದ್ದು: ಬೇರೊಬ್ಬರು ಕೊಂಡು ಉಪಯೋಗಿಸಿದ ಸೆಕೆಂಡ್ ಹ್ಯಾಂಡ್ ವಸ್ತು.

ಎರಡು, ರಿಫರ್ಬಿಶ್ಡ್: ಕೆಟ್ಟಿದ್ದನ್ನೋ ವಾಪಸ್ ಬಂದಿದ್ದನ್ನೋ ರಿಪೇರಿ ಮಾಡಿ, ಪರೀಕ್ಷಿಸಿ, ಮತ್ತೆ ಡಬ್ಬಕ್ಕೆ ಹಾಕಿದ್ದು.

ಮೂರು, ಓಪನ್ ಬಾಕ್ಸ್: ಯಾರೋ ತರಿಸಿಕೊಂಡು, ತೆರೆದು ನೋಡಿ ವಾಪಸ್ ಮಾಡಿದ್ದು.

ನಾಲ್ಕು, ಡಿಸ್‌ಪ್ಲೇ ಪೀಸ್ ಅಥವಾ ಡೆಮೊ ಗಾಡಿ: ಶೋರೂಮ್‌ನಲ್ಲಿ ದಿನವಿಡೀ ಆನ್ ಆಗಿದ್ದ ಟಿವಿ, ನೂರಾರು ಜನ ಟೆಸ್ಟ್ ಡ್ರೈವ್ ಮಾಡಿದ ಕಾರು.

ಐದು, ಹಳೇ ಸ್ಟಾಕ್: ಯಾರೂ ಬಳಸಿಲ್ಲ, ಆದರೆ ಗೋಡೌನ್‌ನಲ್ಲಿ ಒಂದೆರಡು ವರ್ಷ ಕೂತಿದೆ.

ಈ ಐದರಲ್ಲಿ ಯಾವುದನ್ನು ಮಾರೋದೂ ಅಪರಾಧ ಅಲ್ಲ. ಇಂಥದ್ದು ಅಂತ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಅದು ಒಳ್ಳೆಯ ವ್ಯಾಪಾರ. ರಿಪೇರಿ ಮಾಡಿದ ವಸ್ತು ಮತ್ತೆ ಬಳಕೆಗೆ ಬಂದಷ್ಟೂ ಇ-ತ್ಯಾಜ್ಯ ಕಡಿಮೆ. ತಪ್ಪಿರೋದು ಹೇಳದೇ ಮಾರೋದರಲ್ಲಿ.

ಕಾನೂನು ಏನು ಹೇಳುತ್ತೆ?

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(47) ‘ಅನುಚಿತ ವ್ಯಾಪಾರ ಪದ್ಧತಿ’ ಅಂದರೆ ಏನು ಅಂತ ಪಟ್ಟಿ ಮಾಡುತ್ತೆ. ಮರುಜೋಡಿಸಿದ, ಸೆಕೆಂಡ್ ಹ್ಯಾಂಡ್, ನವೀಕರಿಸಿದ, ರೀಕಂಡಿಷನ್ ಮಾಡಿದ ಅಥವಾ ಹಳೆಯ ಸರಕನ್ನು ಹೊಸದು ಅಂತ ಸುಳ್ಳು ಹೇಳಿ ಮಾರೋದು ಆ ಪಟ್ಟಿಯಲ್ಲಿ ನೇರವಾಗಿಯೇ ಇದೆ. ‘ಹಳೆಯ’ ಅನ್ನೋ ಪದ ಅಲ್ಲಿರೋದನ್ನು ಗಮನಿಸಿ. ಬಳಸದಿದ್ದರೂ ಹಳೇ ಸ್ಟಾಕನ್ನು ‘ಈಗ ತಾನೇ ಬಂದಿದ್ದು’ ಅಂತ ಮಾರಿದರೆ ಪ್ರಶ್ನಿಸಲು ದಾರಿ ಇದೆ.

ಅದೇ ಪಟ್ಟಿಯಲ್ಲಿ ಇನ್ನೆರಡು ಅಂಶಗಳಿವೆ. ಬಿಲ್ ಕೊಡದಿರೋದು ಅನುಚಿತ ವ್ಯಾಪಾರ. ದೋಷ ಇರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ನಿರಾಕರಿಸೋದೂ ಅನುಚಿತ ವ್ಯಾಪಾರ. ಬಿಲ್‌ನ ಕೆಳಗೆ ಸಣ್ಣಕ್ಷರದಲ್ಲಿ ‘ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಅಂತ ಅಚ್ಚು ಹಾಕಿರುತ್ತಾರಲ್ಲ, ದೋಷದ ವಸ್ತುವಿನ ವಿಷಯದಲ್ಲಿ ಆ ಸಾಲು ಈ ಹಕ್ಕನ್ನು ಕಿತ್ತುಕೊಳ್ಳಲಾರದು.

ಆನ್‌ಲೈನ್ ಖರೀದಿಗೆ 2020ರ ಇ-ಕಾಮರ್ಸ್ ನಿಯಮಗಳೂ ಸೇರುತ್ತವೆ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಪ್ಲಾಟ್‌ಫಾರ್ಮ್‌ನ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನೀವು ಲಿಖಿತವಾಗಿ ಕೇಳಿದರೆ ಮಾರಾಟಗಾರರ ವಿಳಾಸವನ್ನೂ ಕೊಡಬೇಕು.

1930ರ ಸರಕು ಮಾರಾಟ ಕಾಯ್ದೆ ಇದಕ್ಕಿಂತ ಹಳೆಯದು, ಸರಳವಾದದ್ದು. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಬೇಕು ಅನ್ನುತ್ತೆ ಅದರ ಸೆಕ್ಷನ್ 15. ‘ಹೊಸದು’ ಅನ್ನೋದು ಕೂಡ ಒಂದು ವಿವರಣೆಯೇ. ಬೇಕಂತಲೇ ಮೋಸ ಮಾಡಿದ್ದಾರೆ ಅನ್ನೋದಕ್ಕೆ ಆಧಾರ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರಡಿ ಪೊಲೀಸರಿಗೆ ವಂಚನೆಯ ದೂರು ಕೊಡಬಹುದು. ಹಳೇ ಐಪಿಸಿಯ 420ರ ಜಾಗದಲ್ಲಿ ಈಗ ಇರೋದು ಇದೇ ಸೆಕ್ಷನ್. ಆದರೆ ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸೋದು ಕಷ್ಟ. ದುಡ್ಡು ವಾಪಸ್ ಬರಬೇಕು ಅನ್ನೋರಿಗೆ ಗ್ರಾಹಕ ಆಯೋಗದ ದಾರಿಯೇ ಹತ್ತಿರ.

ಬಳಸಿದ್ದು ಹೊಸ ಡಬ್ಬದೊಳಗೆ ಹೇಗೆ ಬರುತ್ತೆ?

ಎಲ್ಲ ಸಲವೂ ಅಂಗಡಿಯವರೇ ಕಳ್ಳರಲ್ಲ. ಒಬ್ಬರು ಆನ್‌ಲೈನ್‌ನಲ್ಲಿ ತರಿಸಿ, ವಾರ ಬಳಸಿ ವಾಪಸ್ ಮಾಡಿದ್ದನ್ನು ಸರಿಯಾಗಿ ಪರೀಕ್ಷಿಸದೆ ಮತ್ತೆ ಹೊಸ ಸ್ಟಾಕ್‌ಗೆ ಸೇರಿಸಿರಬಹುದು. ಸ್ಟಾಕ್ ಖಾಲಿಯಾದಾಗ ಡಿಸ್‌ಪ್ಲೇ ಪೀಸನ್ನೇ ಒರೆಸಿ ಕೊಟ್ಟಿರಬಹುದು. ಇನ್ನು ಕೆಲವು ಸಲ ಪೂರೈಕೆ ಸರಪಳಿಯಲ್ಲೇ ವಿಷಯ ಕೆಟ್ಟಿರುತ್ತೆ.

ಇದಕ್ಕೆ ಒಳ್ಳೆಯ ಉದಾಹರಣೆ 2025ರ ಜನವರಿಯಲ್ಲಿ ಬಯಲಾದ ಸೀಗೇಟ್ ಹಾರ್ಡ್ ಡಿಸ್ಕ್ ಪ್ರಕರಣ. ಜರ್ಮನಿಯ ತಂತ್ರಜ್ಞಾನ ಪತ್ರಿಕೆ ಹೈಸೆ ಇದನ್ನು ವರದಿ ಮಾಡಿತು. ಹೊಸದು ಅಂತ ಮಾರಿದ ದೊಡ್ಡ ಸಾಮರ್ಥ್ಯದ ಡಿಸ್ಕ್‌ಗಳಲ್ಲಿ ಸಾಮಾನ್ಯ ಬಳಕೆಯ ಲೆಕ್ಕ ಸೊನ್ನೆ ತೋರಿಸುತ್ತಿತ್ತು. ಈ ಲೆಕ್ಕಕ್ಕೆ ಸ್ಮಾರ್ಟ್ ದಾಖಲೆ ಅನ್ನುತ್ತಾರೆ. ಆದರೆ ಕಂಪನಿಯೇ ಡಿಸ್ಕ್‌ನೊಳಗೆ ಇಟ್ಟಿರುವ ‘ಫಾರ್ಮ್’ ಅನ್ನೋ ಇನ್ನೊಂದು ದಾಖಲೆ ಬೇರೆ ಕಥೆ ಹೇಳಿತು. ಕೆಲವು ಡಿಸ್ಕ್‌ಗಳು 15,000 ಗಂಟೆಗೂ ಹೆಚ್ಚು ಓಡಿದ್ದವು. ಅಂದರೆ ಹಗಲೂ ರಾತ್ರಿ ಸೇರಿಸಿ ಸುಮಾರು ಇಪ್ಪತ್ತು ತಿಂಗಳು. ಡಿಸ್ಕ್‌ನ ಖಾಲಿ ಜಾಗವನ್ನೇ ಬಳಸಿ ‘ಗಣಿಗಾರಿಕೆ’ ಮಾಡುವ ಚಿಯಾ ಕ್ರಿಪ್ಟೊ ಕರೆನ್ಸಿಯ ಕೇಂದ್ರಗಳಿಂದ ಇವು ಬಂದಿರಬಹುದು ಅನ್ನೋದು ವರದಿಗಳ ಶಂಕೆ. ಆ ಮಾರಾಟಗಾರರಿಗೆ ಇಂಥ ಡಿಸ್ಕ್‌ಗಳನ್ನು ತಾನು ಪೂರೈಸಿಲ್ಲ ಅಂತ ಸೀಗೇಟ್ ಹೇಳಿತು.

ಇಲ್ಲಿ ಗ್ರಾಹಕರಿಗೆ ಕಾಣುವ ಮೀಟರನ್ನು ಯಾರೋ ಸೊನ್ನೆಗೆ ತಿರುಗಿಸಿದ್ದರು. ತಿರುಗಿಸಲಾಗದೆ ಉಳಿದ ಇನ್ನೊಂದು ಮೀಟರ್ ಒಳಗಿತ್ತು. ಅದನ್ನು ಓದುವ ಉಚಿತ ತಂತ್ರಾಂಶ ಇದ್ದಿದ್ದರಿಂದ ಸಾಮಾನ್ಯ ಗ್ರಾಹಕರೇ ಮೋಸ ಕಂಡುಹಿಡಿದರು. ಆ ದಾಖಲೆಯನ್ನು ಕಂಪನಿ ಮಾತ್ರ ಓದುವ ಹಾಗಿದ್ದಿದ್ದರೆ ಈ ಮೋಸ ಹೊರಗೆ ಬರೋದು ಸುಲಭ ಇರಲಿಲ್ಲ.

ಗುರುತು ಹಿಡಿಯೋದು ಹೇಗೆ?

ಫೋನ್: ಡಬ್ಬ, ಬಿಲ್ ಮತ್ತು ಫೋನ್ ಮೂರರಲ್ಲೂ ಐಎಂಇಐ ಸಂಖ್ಯೆ ಒಂದೇ ಇರಬೇಕು. ಫೋನ್‌ನಲ್ಲಿ *#06# ಒತ್ತಿದರೆ ಸಂಖ್ಯೆ ಕಾಣುತ್ತೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಕಪ್ಪುಪಟ್ಟಿಯಲ್ಲಿದೆ, ನಕಲಿ ಅಥವಾ ಈಗಾಗಲೇ ಬಳಕೆಯಲ್ಲಿದೆ ಅಂತ ಬಂದರೆ ಕೊಳ್ಳಬೇಡಿ. ಆಮೇಲೆ ಕಂಪನಿಯ ಜಾಲತಾಣದಲ್ಲಿ ವಾರಂಟಿ ನೋಡಿ. ನೀವು ಇವತ್ತು ಕೊಂಡ ಫೋನಿನ ವಾರಂಟಿ ನಾಲ್ಕು ತಿಂಗಳ ಹಿಂದೆಯೇ ಶುರುವಾಗಿದ್ದರೆ ವಿವರಣೆ ಕೇಳಲೇಬೇಕು.

ಲ್ಯಾಪ್‌ಟಾಪ್: ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಅನ್ನೋ ಲೆಕ್ಕ ಮ್ಯಾಕ್‌ಬುಕ್‌ನ ಸಿಸ್ಟಂ ಮಾಹಿತಿಯಲ್ಲಿ ಸಿಗುತ್ತೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್‌ನಲ್ಲೂ ಹಲವು ಮಾಡೆಲ್‌ಗಳಿಗೆ ಕಾಣುತ್ತೆ. ಒಂದೆರಡು ಸೈಕಲ್, ಡಿಸ್ಕ್‌ನಲ್ಲಿ ಕೆಲವು ಗಂಟೆ ಇದ್ದರೆ ಗಾಬರಿ ಬೇಡ, ಅದು ಫ್ಯಾಕ್ಟರಿ ಪರೀಕ್ಷೆ ಇರಬಹುದು. ನೂರು ಸೈಕಲ್, ಐನೂರು ಗಂಟೆ ಅಂದರೆ ಫ್ಯಾಕ್ಟರಿ ಪರೀಕ್ಷೆ ಅನ್ನೋ ಸಬೂಬು ನಡೆಯಲ್ಲ.

ಕಾರು, ಬೈಕ್: ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ ಅಂದರೆ ಫಾರ್ಮ್ 21ರಲ್ಲಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ತಯಾರಾದ ವರ್ಷ ಇರುತ್ತೆ. ಅದನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಗೆ ಹೋಲಿಸಿ. ನೋಂದಣಿಗೆ ಮುಂಚೆ ಇದನ್ನು ಮಾಡೋದು ಮುಖ್ಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಅಧಿಕೃತ ಡೀಲರ್ ಮಾರಿದ ಹೊಸ ಗಾಡಿಯನ್ನು ಮೊದಲ ನೋಂದಣಿಗೆ ಆರ್‌ಟಿಒ ಮುಂದೆ ತಂದು ನಿಲ್ಲಿಸಬೇಕಿಲ್ಲ. ಅನುಕೂಲವೇನೋ ಆಯ್ತು. ಆದರೆ ಗಾಡಿ ನೋಡುವ ಮೂರನೆಯ ಕಣ್ಣು ಹೋಯ್ತು. ಡೆಮೊ ಗಾಡಿ ನೋಂದಣಿ ಆಗದೆ ಟ್ರೇಡ್ ಸರ್ಟಿಫಿಕೇಟ್ ಮೇಲೇ ಓಡಿದ್ದರೆ ಅದರ ಇತಿಹಾಸ ಆರ್‌ಸಿಯಲ್ಲೂ ಕಾಣಲ್ಲ. ಹಾಗಾಗಿ ಕಿಲೋಮೀಟರ್, ಬಾಗಿಲ ಅಂಚಿನ ಪೇಂಟ್, ಬೋಲ್ಟ್‌ಗಳ ಮೇಲಿನ ಸ್ಪ್ಯಾನರ್ ಗುರುತು ಎಲ್ಲ ನೀವೇ ನೋಡಬೇಕು.

ಟೈರ್: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಈ ವರ್ಷದ ಗಾಡಿಗೆ ಮೂರು ವರ್ಷ ಹಳೇ ಟೈರ್ ಇದ್ದರೆ ಕೇಳಿ.

ಪಂಪು, ಮೋಟಾರ್: ಸುಟ್ಟ ಮೋಟಾರಿಗೆ ರೀವೈಂಡಿಂಗ್ ಮಾಡಿಸೋದು ಹಳ್ಳಿಗಳಲ್ಲಿ ಮಾಮೂಲು. ಅದೇ ಮೋಟಾರಿಗೆ ಪೇಂಟ್ ಹೊಡೆದು ಹೊಸದು ಅಂತ ಕೊಟ್ಟರೆ ಅದು ಮೋಸ. ನೇಮ್ ಪ್ಲೇಟ್ ಕಿತ್ತು ಮತ್ತೆ ಬಡಿದ ಹಾಗಿದೆಯಾ, ಬೋಲ್ಟ್ ತಲೆಗಳು ಸವೆದಿವೆಯಾ, ಪೇಂಟ್ ಬೋಲ್ಟ್ ಸಂದಿಗೂ ಹರಿದಿದೆಯಾ ನೋಡಿ. ನೇಮ್ ಪ್ಲೇಟ್‌ನ ಸೀರಿಯಲ್ ನಂಬರ್ ಬಿಲ್ ಮೇಲೆ ಬರೆಸಿ. ‘ರೈತರು ಗ್ರಾಹಕರಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೀಜದ ಪ್ರಕರಣದಲ್ಲಿ ರಾಷ್ಟ್ರೀಯ ಬೀಜ ನಿಗಮ ಇದೇ ವಾದ ಮಾಡಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಮೊದಲ ಮೂರು ದಿನ ಏನು ಮಾಡಬೇಕು?

ಅನುಮಾನ ಬಂದ ಕೂಡಲೇ ಬಳಸೋದು ನಿಲ್ಲಿಸಿ. ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಕಸ್ಟಮರ್ ಕೇರ್‌ನವರು ಮೊದಲು ಹೇಳೋದೇ ‘ಒಂದ್ಸಲ ರೀಸೆಟ್ ಮಾಡಿ ನೋಡಿ’ ಅಂತ. ರೀಸೆಟ್ ಆದರೆ ಹಿಂದಿನ ಬಳಕೆಯ ಗುರುತು ಅಳಿಸಿ ಹೋಗಬಹುದು.

ಎಲ್ಲದರ ಫೋಟೊ ತೆಗೆಯಿರಿ: ಡಬ್ಬ, ಸೀಲ್, ಸೀರಿಯಲ್ ನಂಬರ್, ಗೀರು, ಬ್ಯಾಟರಿ ಲೆಕ್ಕ, ವಾರಂಟಿ ಪುಟ. ಡಬ್ಬ ತೆರೆಯುವ ವಿಡಿಯೊ ಇದ್ದರೆ ಒಳ್ಳೆಯದು. ‘ವಿಡಿಯೊ ಇಲ್ಲದಿದ್ದರೆ ದೂರು ತಗೊಳ್ಳಲ್ಲ’ ಅಂತ ಕೆಲವರು ಹೇಳುತ್ತಾರೆ. ಗ್ರಾಹಕ ಕಾಯ್ದೆಯಲ್ಲಿ ಅಂಥ ಷರತ್ತು ಇಲ್ಲ. ಅದು ಕಂಪನಿ ಮಾಡಿಕೊಂಡ ನಿಯಮ, ಅಷ್ಟೇ. ಪ್ಲಾಟ್‌ಫಾರ್ಮ್‌ನ ‘7 ದಿನದ ರಿಟರ್ನ್’ ಕೂಡ ಹಾಗೆಯೇ. ಅದು ಮುಗಿದರೆ ನಿಮ್ಮ ಹಕ್ಕು ಮುಗಿಯಲ್ಲ. ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ ಇದೆ.

ಫೋನಿನಲ್ಲಿ ಜಗಳ ಆಡಿದ್ದಕ್ಕೆ ದಾಖಲೆ ಇರಲ್ಲ. ಇಮೇಲ್ ಬರೆಯಿರಿ. ಹೀಗೆ ಬರೆದರೆ ಸಾಕು:

‘ದಿನಾಂಕ ಇಂಥದ್ದರಂದು, ಬಿಲ್ ಸಂಖ್ಯೆ ಇಂಥದ್ದರಡಿ ಹೊಸ ಲ್ಯಾಪ್‌ಟಾಪ್‌ಗಾಗಿ ಇಷ್ಟು ಹಣ ಪಾವತಿಸಿದ್ದೇನೆ. ಸೀರಿಯಲ್ ಸಂಖ್ಯೆ ಇದು. ಪರೀಕ್ಷಿಸಿದಾಗ ಈ ಕೆಳಗಿನ ಬಳಕೆಯ ಗುರುತುಗಳು ಕಂಡಿವೆ. ನಾನು ಈ ವಸ್ತುವನ್ನು ಹೊಸದೆಂದು ಸ್ವೀಕರಿಸಿಲ್ಲ. ರಿಪೇರಿ ಬೇಡ, ಪೂರ್ತಿ ಹಣ ವಾಪಸ್ ಅಥವಾ ಹೊಸ ಸೀಲ್ ಆದ ವಸ್ತು ಬೇಕು. ಈ ಸೀರಿಯಲ್ ಸಂಖ್ಯೆಯ ವಸ್ತು ಕಾರ್ಖಾನೆಯಿಂದ ಹೊರಟ ದಿನಾಂಕ, ಮೊದಲ ಬಾರಿ ಆನ್ ಆದ ದಿನಾಂಕ, ಹಿಂದೆ ಮಾರಾಟವಾಗಿ ವಾಪಸ್ ಬಂದಿದ್ದರೆ ಅದರ ವಿವರ ಮತ್ತು ಸರ್ವಿಸ್ ದಾಖಲೆಯನ್ನು 15 ದಿನದೊಳಗೆ ಕೊಡಿ.’

ಇದನ್ನು ಅಂಗಡಿಗೆ, ಪ್ಲಾಟ್‌ಫಾರ್ಮ್‌ಗೆ, ತಯಾರಿಕಾ ಕಂಪನಿಗೆ ಮೂವರಿಗೂ ಕಳಿಸಿ. ಗೋವಾ ಪ್ರಕರಣದ ಪಾಠ ಇರೋದು ಇಲ್ಲೇ. ಕಂಪನಿಗೆ ವಿಷಯ ತಿಳಿಸಿದ್ದೀರಿ, ದಾಖಲೆ ಕೇಳಿದ್ದೀರಿ, ಆದರೂ ಅದು ಸುಮ್ಮನಿತ್ತು ಅನ್ನೋದು ಮೊದಲ ದಿನದಿಂದಲೇ ಕಾಗದದ ಮೇಲೆ ಇರಬೇಕು.

‘ರಿಪೇರಿ ಬೇಡ’ ಅಂತ ಬರೆಯೋದಕ್ಕೂ ಕಾರಣ ಇದೆ. ಹೊಸದಕ್ಕೆ ದುಡ್ಡು ಕೊಟ್ಟವರನ್ನು ವಾರಂಟಿಯ ದಾರಿಗೆ ತಿರುಗಿಸೋದು ಹಳೇ ತಂತ್ರ. ಬದಲಿಯಾಗಿ ರಿಫರ್ಬಿಶ್ಡ್ ವಸ್ತು ಕೊಡಬಹುದು ಅಂತ ಹಲವು ವಾರಂಟಿಗಳಲ್ಲೇ ಬರೆದಿರುತ್ತೆ. ಮೂರನೇ ದಿನ ಕೆಟ್ಟ ಹೊಸ ಫೋನಿನ ಬದಲು ರಿಪೇರಿಯಾದ ಫೋನ್ ಕೈಗೆ ಬರೋದು ಹೀಗೆ. ನಿಮ್ಮದು ವಾರಂಟಿ ತಕರಾರು ಅಲ್ಲ, ಮಾರಾಟದ ತಕರಾರು. ಆ ವ್ಯತ್ಯಾಸವನ್ನು ಮೊದಲ ಇಮೇಲ್‌ನಲ್ಲೇ ಹೇಳಿಬಿಡಿ.

ಮುಂದೆ ಎಲ್ಲಿಗೆ?

ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಇದು ನ್ಯಾಯಾಲಯ ಅಲ್ಲ, ಕಂಪನಿ ಜೊತೆ ಮಾತಾಡಿ ಬಗೆಹರಿಸುವ ವ್ಯವಸ್ಥೆ. ಅನೇಕ ಸಲ ಇಷ್ಟಕ್ಕೇ ಕೆಲಸ ಆಗುತ್ತೆ. ಆಗದಿದ್ದರೂ ದೂರಿನ ಸಂಖ್ಯೆ ನಿಮ್ಮ ದಾಖಲೆಗೆ ಸೇರುತ್ತೆ.

ಎರಡನೇ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಅಲ್ಲಿಗೆ, 2 ಕೋಟಿವರೆಗೆ ರಾಜ್ಯ ಆಯೋಗಕ್ಕೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಹಾಕಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೂ ರಾಯಚೂರಿನವರು ರಾಯಚೂರಿನಲ್ಲೇ ಹಾಕಬಹುದು. ವಕೀಲರು ಕಡ್ಡಾಯವಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ಮೊದಲು ಇದ್ದ ಇ-ದಾಖಿಲ್ ವ್ಯವಸ್ಥೆ ಈಗ ಇ-ಜಾಗೃತಿಗೆ ಬದಲಾಗಿದೆ.

ದೂರಿನಲ್ಲಿ ಪರಿಹಾರದ ಜೊತೆ ಎರಡು ವಿಷಯ ಕೇಳಿ. ಒಂದು, ಕಂಪನಿಯ ದಾಖಲೆ. ದಾಖಲೆ ಹಾಜರುಪಡಿಸಿ ಅಂತ ಆದೇಶಿಸಲು ಆಯೋಗಕ್ಕೆ ಸಿವಿಲ್ ಕೋರ್ಟ್‌ನ ಅಧಿಕಾರ ಇದೆ. ಆ ಸೀರಿಯಲ್ ಸಂಖ್ಯೆಯ ಆಕ್ಟಿವೇಶನ್ ಮತ್ತು ಸರ್ವಿಸ್ ದಾಖಲೆ ತರಿಸಿ ಅಂತ ಪ್ರತ್ಯೇಕ ಅರ್ಜಿ ಕೊಡಿ. ಎರಡು, ಪರೀಕ್ಷೆ. ಕಣ್ಣಿಗೆ ಕಾಣದ ದೋಷ ಇದ್ದರೆ ಪ್ರಯೋಗಾಲಯಕ್ಕೆ ಕಳಿಸಲು ಸೆಕ್ಷನ್ 38ರಲ್ಲಿ ಅವಕಾಶ ಇದೆ.

ಸಾಮಾನ್ಯವಾಗಿ ಆರೋಪ ಮಾಡಿದವರೇ ಸಾಬೀತು ಮಾಡಬೇಕು. ಆದರೆ ಒಂದು ಸಂಗತಿ ಒಬ್ಬರಿಗೆ ಮಾತ್ರ ವಿಶೇಷವಾಗಿ ಗೊತ್ತಿದ್ದರೆ ಅದನ್ನು ಸಾಬೀತು ಮಾಡುವ ಹೊರೆ ಅವರದ್ದೇ ಅನ್ನೋದು ಸಾಕ್ಷ್ಯ ಕಾನೂನಿನ ಹಳೇ ತತ್ವ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು ಸೆಕ್ಷನ್ 109. ಫೋನ್ ಮೊದಲು ಯಾವತ್ತು ಆನ್ ಆಯ್ತು ಅನ್ನೋದು ಕಂಪನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಈ ವಾದವನ್ನು ದೂರಿನಲ್ಲೇ ಬರೆಯಿರಿ.

ಗೆದ್ದರೆ ಹಣ ವಾಪಸ್, ಬಡ್ಡಿ, ಬದಲಿ ವಸ್ತು, ಪರಿಹಾರ ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ ವಿಧಿಸಬಹುದು. ಒಂದೇ ತೊಂದರೆ ಅನೇಕರಿಗೆ ಆಗಿದ್ದರೆ ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಹಾಕಬಹುದು. ಹಾಸ್ಟೆಲ್‌ನ ಇಪ್ಪತ್ತು ಹುಡುಗರು ಇಪ್ಪತ್ತು ಕಡೆ ಜಗಳ ಆಡುವ ಬದಲು ಇದು ವಾಸಿ.

ಸಮಯದ ವಿಷಯದಲ್ಲಿ ಮಾತ್ರ ಭ್ರಮೆ ಬೇಡ. ಕಾಯ್ದೆ ಹೇಳೋದು ಮೂರು ತಿಂಗಳು, ಪರೀಕ್ಷೆ ಬೇಕಿದ್ದರೆ ಐದು ತಿಂಗಳು. ವಾಸ್ತವ ಹಾಗಿಲ್ಲ. 2011ರ ಕಾರಿನ ಜಗಳ ಮುಗಿದಿದ್ದು 2021ರಲ್ಲಿ.

ನೀವು ‘ಗ್ರಾಹಕ’ ಅಲ್ಲದಿದ್ದರೆ?

ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡಿದ್ದರೆ ಗ್ರಾಹಕರೇ. ಮದುವೆ ಫೋಟೊ ತೆಗೆಯುವ ಹುಡುಗಿ ಕೊಂಡ ಕ್ಯಾಮೆರಾ, ಚಾಲಕರೇ ಓಡಿಸುವ ಆಟೊ, ಮನೆಯಲ್ಲೇ ಬಟ್ಟೆ ಹೊಲಿಯುವವರ ಮಷಿನ್ ಈ ರಕ್ಷಣೆಯೊಳಗೆ ಬರುತ್ತವೆ. ಐವತ್ತು ಲ್ಯಾಪ್‌ಟಾಪ್ ಕೊಂಡ ಕಂಪನಿ ಬರಲ್ಲ. ಅದು ಸರಕು ಮಾರಾಟ ಕಾಯ್ದೆಯಡಿ ಸಿವಿಲ್ ಕೋರ್ಟ್‌ಗೆ ಹೋಗಬೇಕು.

ಇನ್ನೊಬ್ಬ ದೊಡ್ಡ ಖರೀದಿದಾರ ಇದ್ದಾನೆ: ಸರ್ಕಾರ. ಶಾಲೆಗೆ ಕಂಪ್ಯೂಟರ್, ಆಸ್ಪತ್ರೆಗೆ ಯಂತ್ರ, ಪಂಚಾಯ್ತಿಗೆ ಪಂಪು. ಇಲ್ಲಿ ಹೊಸದಕ್ಕೆ ದುಡ್ಡು ಕೊಡೋದು ನಾವು, ಡಬ್ಬ ತೆರೆದು ಸಹಿ ಹಾಕೋದು ಬೇರೆ ಯಾರೋ. ಸರಕು ಒಪ್ಪಿಕೊಂಡವರಿಗೆ ಅದು ಬಳಸಿದ್ದು ಅಂತ ಗೊತ್ತಾದರೂ ದೂರು ಕೊಡುವ ಆಸಕ್ತಿ ಇಲ್ಲದಿರಬಹುದು. ಕರ್ನಾಟಕದಲ್ಲಿ ಟೆಂಡರ್ ಪಾರದರ್ಶಕತೆಗೆ 1999ರ ಕೆಟಿಪಿಪಿ ಕಾಯ್ದೆ ಇದೆ. ಟೆಂಡರ್ ಕಾಗದ ಸರಿ ಇದ್ದರೂ ಡಬ್ಬದೊಳಗೆ ಏನಿತ್ತು ಅನ್ನೋದು ಬೇರೆಯೇ ಪ್ರಶ್ನೆ.

ಇದಕ್ಕೆ ನಮ್ಮ ಕೈಯಲ್ಲಿರೋ ಅಸ್ತ್ರ ಮಾಹಿತಿ ಹಕ್ಕು ಕಾಯ್ದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಅರ್ಜಿಯಲ್ಲಿ ‘ಎಷ್ಟು ಖರ್ಚಾಯ್ತು’ ಅಂತ ಮಾತ್ರ ಕೇಳಬೇಡಿ. ಖರೀದಿಸಿದ ಪ್ರತಿ ಯಂತ್ರದ ಸೀರಿಯಲ್ ಸಂಖ್ಯೆ, ತಯಾರಾದ ವರ್ಷ, ವಾರಂಟಿ ಶುರುವಾದ ದಿನಾಂಕ, ಸರಕು ಪರಿಶೀಲಿಸಿ ಒಪ್ಪಿಕೊಂಡ ವರದಿ, ಸಹಿ ಹಾಕಿದ ಅಧಿಕಾರಿಯ ಹುದ್ದೆ ಇವನ್ನು ಕೇಳಿ. ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿ ಮತ್ತು ಕಡತಗಳನ್ನು ಖುದ್ದು ಪರಿಶೀಲಿಸುವ ಹಕ್ಕೂ ಇದೆ. ನಿಮ್ಮೂರ ಶಾಲೆಯ ಕಂಪ್ಯೂಟರ್‌ನ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಲು ಐದು ನಿಮಿಷ ಸಾಕು.

ಬದಲಾಗಬೇಕಿರೋದು ಏನು?

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆ ಬಗ್ಗೆ ಒಂದು ಪ್ರಬಂಧ ಬರೆದರು. ಮಾರುವವರಿಗೆ ವಸ್ತುವಿನ ಗುಣ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ ಅಂದಾಗ ಕೆಟ್ಟ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದಲೇ ಓಡಿಸುತ್ತೆ ಅನ್ನೋದು ಅದರ ವಾದ. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಾವೀಗ ನೋಡುತ್ತಿರೋದು ಅದೇ ಕಾಯಿಲೆ ಹೊಸ ವಸ್ತುಗಳ ಮಾರುಕಟ್ಟೆಗೂ ಹಬ್ಬಿರೋದನ್ನು. ಇದರಲ್ಲಿ ಪ್ರಾಮಾಣಿಕ ಅಂಗಡಿಯವರೂ ಸೋಲುತ್ತಾರೆ. ವಾಪಸ್ ಬಂದಿದ್ದನ್ನು ‘ಓಪನ್ ಬಾಕ್ಸ್’ ಅಂತ ಹೇಳಿ ಕಡಿಮೆ ಬೆಲೆಗೆ ಮಾರುವವರು, ಹೇಳದೆ ಪೂರ್ತಿ ಬೆಲೆಗೆ ಮಾರುವವರ ಮುಂದೆ ನಷ್ಟ ಅನುಭವಿಸುತ್ತಾರೆ.

ಪರಿಹಾರ ಕಲ್ಪನೆಗೆ ಮೀರಿದ್ದೇನಲ್ಲ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರವರಿಯಿಂದ ವಿದ್ಯುತ್ ವಾಹನಗಳ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು. ಬ್ಯಾಟರಿ ಮೂಲದ್ದಾ, ಮರುಬಳಕೆಯದ್ದಾ, ಮರುತಯಾರಿಕೆಯದ್ದಾ ಅನ್ನೋದನ್ನು ಅದರಲ್ಲಿ ದಾಖಲಿಸಬೇಕು. ನಮ್ಮಲ್ಲಿ ಕದ್ದ ಫೋನನ್ನು ಐಎಂಇಐ ಮೇಲೆ ದೇಶವಿಡೀ ತಡೆಯುವ ವ್ಯವಸ್ಥೆ ಈಗಾಗಲೇ ಇದೆ. ಅಂದರೆ ಒಂದೊಂದು ವಸ್ತುವಿನ ಜಾಡು ಹಿಡಿಯುವ ತಂತ್ರಜ್ಞಾನ ನಮಗೆ ಹೊಸದಲ್ಲ.

ಹಾಗಾಗಿ ಕೇಳಬೇಕಿರೋದು ಮೂರೇ. ಸೀರಿಯಲ್ ಸಂಖ್ಯೆ ಹಾಕಿದರೆ ಮೊದಲ ಮಾರಾಟ, ಮೊದಲ ಆಕ್ಟಿವೇಶನ್, ವಾಪಸಾತಿ ಮತ್ತು ರಿಪೇರಿಯ ದಿನಾಂಕ ಯಾರಿಗಾದರೂ ಕಾಣಬೇಕು. ಹಿಂದಿನ ಮಾಲೀಕರ ಹೆಸರು ಬೇಕಿಲ್ಲ, ದಿನಾಂಕ ಸಾಕು. ಬಿಲ್ ಮೇಲೆ ಸೀರಿಯಲ್ ಸಂಖ್ಯೆ ಮತ್ತು ‘ಹೊಸದು, ಓಪನ್ ಬಾಕ್ಸ್, ಡೆಮೊ, ರಿಫರ್ಬಿಶ್ಡ್’ ಇವುಗಳಲ್ಲಿ ಯಾವುದು ಅನ್ನೋದು ಕಡ್ಡಾಯ ಆಗಬೇಕು. ದಾಖಲೆ ತನ್ನ ಬಳಿ ಇದ್ದೂ ಕೊಡದ ಕಂಪನಿ, ತನಗೆ ಏನೂ ಗೊತ್ತಿರಲಿಲ್ಲ ಅಂತ ವಾದಿಸುವ ಹಾಗಿರಬಾರದು.

ಈ ಮೂರನೆಯದು ಇದ್ದಿದ್ದರೆ ಗೋವಾದ ಪ್ರಕರಣದಲ್ಲಿ ಕೇಳುವ ಪ್ರಶ್ನೆಯೇ ಬೇರೆ ಇರುತ್ತಿತ್ತು. 2009ರ ಕಾರು ಅಷ್ಟು ದಿನ ಎಲ್ಲಿತ್ತು, ಯಾರು ಓಡಿಸಿದರು ಅಂತ ಗ್ರಾಹಕರು ಹುಡುಕುವ ಬದಲು ಮಾರಿದವರೇ ಲೆಕ್ಕ ಕೊಡಬೇಕಾಗುತ್ತಿತ್ತು. ಅಲ್ಲಿಯವರೆಗೆ, ಮುಂದಿನ ಸಲ ಅಂಗಡಿಯಲ್ಲಿ ದುಡ್ಡು ಎಣಿಸುವ ಮುಂಚೆ ಒಂದು ಮಾತು ಹೇಳಿ: ‘ಅಣ್ಣಾ, ಬಿಲ್ ಮೇಲೆ ಸೀರಿಯಲ್ ನಂಬರ್ ಬರೀರಿ, ಪಕ್ಕದಲ್ಲಿ ಹೊಸದು ಅಂತಾನೂ ಬರೀರಿ.’ ಬರೆಯಲು ಹಿಂಜರಿದರೆ ಬೇರೆ ಅಂಗಡಿ ನೋಡಿ.